ಇಂಜಿನ್ ಹೋಗಿಲ್ಲ ಸ್ವಾಮಿ, ಅರ್ಥ್ ಹೋಗಿದೆ!

ಜಯನಗರ, ಜೆ.ಪಿ. ನಗರ, ಬನಶಂಕರಿ. ಈ ಕಡೆಯ ಯಾವ ಅಡ್ಡರಸ್ತೆಗೆ ಬೇಕಾದರೂ ನುಗ್ಗಿ ನೋಡಿ. ಎಲ್ಲೋ ಒಂದು ಹಳೇ ಮನೆಯ ಕಾಂಪೌಂಡಿನಲ್ಲಿ, ತೆಂಗಿನ ಮರದ ಬುಡಕ್ಕೆ, ನೀಲಿ ಟಾರ್ಪಾಲು ಹೊದ್ದ ಕಾರೊಂದು ಮಲಗಿರುತ್ತದೆ. ಮೇಲೆ ಒಣಗಿದ ಗರಿ. ಗರಿಯ ಮೇಲೆ ಬೆಕ್ಕು. ಟಾರ್ಪಾಲು ಎತ್ತಿದರೆ ಒಳಗೆ ಪ್ರೀಮಿಯರ್ ಪದ್ಮಿನಿ, ಇಲ್ಲವೇ ಅಂಬಾಸಿಡರ್, ಅದೃಷ್ಟ ನೆಟ್ಟಗಿದ್ದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ‘ಯಾಕೆ ಸ್ವಾಮಿ, ಓಡಿಸೋಲ್ವೆ?’ ಅಂತ ಕೇಳಿ. ಉತ್ತರ ಒಂದೇ: ‘ಇಂಜಿನ್ ಹೋಗಿದೆ.’

ಹೋಗಿದೆ ಅಂದವರು ಯಾರು? ಗ್ಯಾರೇಜಿನವರು. ಬಿಚ್ಚಿ ನೋಡಿದರೇ? ಇಲ್ಲ. ಅಳೆದು ನೋಡಿದರೇ? ಅದೂ ಇಲ್ಲ. ಬಾನೆಟ್ ಎತ್ತಿದರು, ತಲೆ ಅಲ್ಲಾಡಿಸಿದರು, ಐದಂಕಿಯ ಖರ್ಚು ಹೇಳಿದರು. ಮಾರನೇ ವಾರ ಗುಜರಿಯವನು ಗೇಟಿನ ಮುಂದೆ ನಿಂತಿದ್ದ. ವಾಸನೆ ಹಿಡಿದು ಬರುವುದರಲ್ಲಿ ಅವರಿಗೆ ಸಾಟಿಯಿಲ್ಲ.

ಬಸ್ಸಿನಲ್ಲಿ ನೇತಾಡಿಕೊಂಡು ಪೇಪರ್ ಓದುವ ನಮಗೆ ಹಳೇ ಕಾರಿನ ಉಸಾಬರಿ ಏಕೆ ಅನ್ನಬೇಡಿ. ಈ ಕಾರುಗಳು ಮಹಾರಾಜರವಲ್ಲ. ಬ್ಯಾಂಕಿನ ಗುಮಾಸ್ತರು, ಮೇಷ್ಟ್ರು, 4ನೇ ಬ್ಲಾಕಿನ ಅಂಗಡಿ ಯಜಮಾನರು ಕಾಸಿಗೆ ಕಾಸು ಸೇರಿಸಿ, ಬುಕಿಂಗ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರುಗಳು. ಮಗಳ ಮದುವೆ ದಿಬ್ಬಣ ಹೋದದ್ದು ಅದರಲ್ಲೇ, ತಂದೆಯನ್ನು ಆಸ್ಪತ್ರೆಗೆ ಒಯ್ದದ್ದೂ ಅದರಲ್ಲೇ. ಇಂಥದ್ದು ಒಂದು ಸುಳ್ಳು ಮಾತಿಗೆ ಗುಜರಿಗೆ ಹೋಗುತ್ತದೆಂದರೆ ಹೊಟ್ಟೆ ಉರಿಯುವುದಿಲ್ಲವೇ?

ಮೂವರು ವೈದ್ಯರು, ಒಂದು ರೋಗ

ಜಯನಗರ 9ನೇ ಬ್ಲಾಕಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಕಥೆ ಕೇಳಿ. ‘ಹೆಸರು ಹಾಕಬೇಡಿ, ಮಗ ಬೈತಾನೆ’ ಅಂದರು. ಹಾಕಿಲ್ಲ. ಅವರದು 1978ರ ಪದ್ಮಿನಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೊಂಬಾಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಇಟಲಿಯ ಫಿಯಟ್ 1100 ಕಾರನ್ನು ಇಲ್ಲಿ ತಯಾರಿಸುತ್ತಿದ್ದರು. 1974ರಿಂದ ಅದಕ್ಕೇ ಪದ್ಮಿನಿ ಎಂಬ ಹೆಸರು. 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಇಂಜಿನ್. ಬೊಂಬಾಯಿಯಲ್ಲಿ ಟ್ಯಾಕ್ಸಿಯಾಗಿ ಓಡಿ ಓಡಿ, 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಅಷ್ಟು ಗಟ್ಟಿ ಪ್ರಾಣಿ.

ಇವರ ಕಾರಿಗೆ ಬಂದ ರೋಗ ಇಷ್ಟೇ. ಕೀಲಿ ತಿರುಗಿಸಿದರೆ ಸೆಲ್ಫ್ ‘ಗುಂಯ್... ಗುಂಯ್...’ ಎಂದು ನರಳಿ ನಿಂತುಬಿಡುತ್ತಿತ್ತು. ಮೊದಲನೇ ಗ್ಯಾರೇಜಿನವರು ಬ್ಯಾಟರಿ ಸತ್ತಿದೆ ಅಂದರು. ಹೊಸದು ಬಂತು. ನರಳಾಟ ನಿಲ್ಲಲಿಲ್ಲ. ಎರಡನೆಯವರು ಸೆಲ್ಫ್ ಮೋಟಾರಿನ ಆರ್ಮೇಚರ್ ಹೋಗಿದೆ ಅಂದರು. ವೈಂಡಿಂಗ್ ಆಯಿತು. ನರಳಾಟ ಹಾಗೇ. ಮೂರನೆಯವರು ದೊಡ್ಡ ಮನುಷ್ಯರು. ‘ಇಂಜಿನ್ ಟೈಟ್ ಆಗಿದೆ. ಬೋರ್ ಮಾಡಿಸಿ, ಪಿಸ್ಟನ್ ಹಾಕಬೇಕು’ ಎಂದು ತೀರ್ಪು ಕೊಟ್ಟರು. ಅಮೆರಿಕದಲ್ಲಿರುವ ಮಗ ‘ಅಪ್ಪಾ, ಮಾರಿಬಿಡಿ’ ಅಂದ.

ಬನಶಂಕರಿ ದೇವಸ್ಥಾನದ ಆಚೆ, ತಗಡಿನ ಶೆಡ್ಡಿನಲ್ಲಿ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಪ್ಪತ್ತು ದಾಟಿದ ಜೀವ. ಯಾರೋ ಹೇಳಿದರೆಂದು ಅವರನ್ನು ಮನೆಗೇ ಕರೆಸಿದರು. ಬಂದವರು ಸ್ಪಾನರ್ ಮುಟ್ಟಲಿಲ್ಲ. ಮೊದಲು ಒಂದು ಪ್ರಶ್ನೆ:

‘ಯಜಮಾನ್ರೇ, ಸೆಲ್ಫ್ ಹೊಡೆದಾಗ ಚೋಕ್ ವೈರು ಬಿಸಿ ಆಗುತ್ತಾ?’

‘ಅದನ್ನ ಯಾರು ಮುಟ್ಟಿ ನೋಡ್ತಾರೆ ಬಾಯಿ?’

‘ಈಗ ನೋಡಿ.’

ನೋಡಿದರು. ಕೈ ಸುಟ್ಟಿತು! ಮೇಸ್ತ್ರಿ ನಕ್ಕರು. ‘ಇಂಜಿನ್‌ಗೇನೂ ಆಗಿಲ್ಲ ಯಜಮಾನ್ರೇ. ಅರ್ಥ್ ಹೋಗಿದೆ.’

ಇಂಜಿನ್ನಿಂದ ಬಾಡಿಗೆ ಬರುವ ಹೆಣಿಗೆಯ ಅರ್ಥ್ ಪಟ್ಟಿ ತುಕ್ಕು ತಿಂದು, ನಾಲ್ಕೆಳೆ ತಂತಿಯಲ್ಲಿ ನೇತಾಡುತ್ತಿತ್ತು. ಹೊಸ ಪಟ್ಟಿ, ಎರಡು ಬೋಲ್ಟು, ಬಾಡಿಗೆ ಅದು ಕೂರುವ ಜಾಗದಲ್ಲಿ ಉಪ್ಪುಕಾಗದ ಹಾಕಿ ಉಜ್ಜಿದ್ದು. ಮುಗಿಯಿತು. ‘ಟೈಟ್’ ಆಗಿದ್ದ ಇಂಜಿನ್ ಎರಡನೇ ಸುತ್ತಿಗೆ ಸ್ಟಾರ್ಟ್!

ಮಂತ್ರವಲ್ಲ, ಲೆಕ್ಕ

ಇದರಲ್ಲಿ ಮಾಯೆ ಏನಿಲ್ಲ. ಕಾರಿನಲ್ಲಿ ಕರೆಂಟು ತಂತಿಯಲ್ಲಿ ಹೋಗುತ್ತದೆ, ಬಾಡಿಯ ಕಬ್ಬಿಣದಲ್ಲಿ ವಾಪಸು ಬರುತ್ತದೆ. ಆದರೆ ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರು ಕರೆಂಟು ಬಿಡುವುದಿಲ್ಲ. ಅದಕ್ಕೇ ಇಂಜಿನ್ನಿಗೂ ಬಾಡಿಗೂ ನಡುವೆ ಆ ಪಟ್ಟಿ. ಸೆಲ್ಫ್ ಹೊಡೆಯುವಾಗ 100ರಿಂದ 200 ಆಂಪಿಯರ್ ಎಳೆಯುತ್ತದೆ. ಅರ್ಥ್ ದಾರಿಯಲ್ಲಿ 0.02 ಓಮ್ ಅಡ್ಡಿ ಇದ್ದರೂ ಸಾಕು, 150 ಆಂಪಿಯರಿಗೆ 3 ವೋಲ್ಟ್ ಅಲ್ಲೇ ನುಂಗಿಹೋಯಿತು. ಹನ್ನೆರಡರಲ್ಲಿ ಮೂರು ಹೋದರೆ ಸೆಲ್ಫ್ ನರಳದೆ ಹಾಡುತ್ತದೆಯೇ? ಕಾಯಿಲಿಗೂ ಅದೇ ಬಡ ಕರೆಂಟು, ಕಿಡಿಯೂ ಬಡವ. ಸರಿಯಾದ ದಾರಿ ಮುಚ್ಚಿದ್ದರಿಂದ ಅಷ್ಟೂ ಕರೆಂಟು ಚೋಕಿನ ಉಕ್ಕಿನ ತಂತಿ ಹಿಡಿದು ಮನೆಗೆ ಮರಳಲು ನೋಡಿತು. ತಂತಿ ಕಾದದ್ದು ಅದಕ್ಕೆ.

ಪರೀಕ್ಷೆಗೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಕಡೆಯ ಕಂಬಕ್ಕೆ (ತಂತಿಯ ಕ್ಲಿಪ್ಪಿಗಲ್ಲ, ಕಂಬಕ್ಕೇ), ಇನ್ನೊಂದು ಇಂಜಿನ್ ಬ್ಲಾಕಿಗೆ. ಒಬ್ಬರು ಸೆಲ್ಫ್ ಹೊಡೆಯಲಿ. ಮುಳ್ಳು 0.2 ವೋಲ್ಟಿನ ಆಸುಪಾಸು ಇದ್ದರೆ ಕ್ಷೇಮ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿಬಿದ್ದ. ಮೀಟರ್ ಇಲ್ಲವೇ? ಜಂಪರ್ ಕೇಬಲ್ ತಗೊಂಡು ಬ್ಯಾಟರಿಯ ಅರ್ಥ್ ಕಂಬದಿಂದ ಇಂಜಿನ್ನಿಗೆ ನೇರ ಸೇರಿಸಿ. ಸೆಲ್ಫ್ ಗಿರ್ರನೆ ತಿರುಗಿದರೆ ಬೇರೆ ಸಾಕ್ಷಿ ಬೇಡ.

ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟು ಮಿಣುಕುವುದು, ಬ್ರೇಕ್ ತುಳಿದರೆ ಪೆಟ್ರೋಲ್ ಮುಳ್ಳು ಕುಣಿಯುವುದು ಇವೆಲ್ಲ ಅದೇ ಸಂತಾನ. ಇಂಥ ದೆವ್ವ ಕಂಡರೆ ಬಲ್ಬು ಬದಲಿಸುವ ಮುಂಚೆ ಲೈಟಿನ ಬುಡದ ಅರ್ಥ್ ಉಜ್ಜಿ.

ಇಲ್ಲಿ ನಮ್ಮೂರಿನದೇ ಒಂದು ವಿಶೇಷ ಇದೆ. ಬೆಂಗಳೂರಿನಲ್ಲೇ ಕಾರು ತಯಾರಾಗುತ್ತಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಎಪ್ಪತ್ತರ ದಶಕದಲ್ಲಿ ಸನ್‌ರೈಸ್ ಕಂಪನಿಯ ಮೂರು ಚಕ್ರದ ‘ಬಾದಲ್’ ಬಂತು. ಆಮೇಲೆ ಅದೇ ಸಿಪಾನಿಯವರು 1982ರಲ್ಲಿ ‘ಡಾಲ್ಫಿನ್’ ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ತಮ್ಮ ಅದು, 848 ಸಿ.ಸಿ. ಎರಡರ ಬಾಡಿಯೂ ಫೈಬರ್ ಗ್ಲಾಸು. ತುಕ್ಕು ಹಿಡಿಯದು ಎಂದು ಹೆಮ್ಮೆ. ಆದರೆ ಫೈಬರಿನಲ್ಲಿ ಕರೆಂಟು ವಾಪಸು ಬರುವುದಿಲ್ಲವಲ್ಲ! ಪ್ರತಿ ಲೈಟಿಗೂ ಬೇರೆ ಅರ್ಥ್ ತಂತಿ ಬೇಕು. ನಾಲ್ಕು ದಶಕ ಕಳೆದ ತಂತಿ ಅದು, ಎಲ್ಲೋ ಒಂದು ಕಡೆ ಕಿತ್ತಿರುತ್ತದೆ. ಡಾಲ್ಫಿನ್ ಎತ್ತಿ ನಿಲ್ಲಿಸುವ ಹುಚ್ಚು ಯಾರಿಗಾದರೂ ಇದ್ದರೆ ಕೆಲಸ ಶುರುವಾಗುವುದು ಅಲ್ಲಿಂದ.

ಸಿಲ್ಕ್ ಬೋರ್ಡಿನಲ್ಲಿ ನಿಂತಾಗ

ಎರಡನೇ ದೂರು: ‘ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತೆ ಸಾರ್. ಇಪ್ಪತ್ತು ನಿಮಿಷ ಓಡಿದ ಮೇಲೆ ಟಕ್ ಅಂತ ನಿಲ್ಲುತ್ತೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊರಡುತ್ತೆ.’ ನಿಲ್ಲುವುದು ಎಲ್ಲಿ? ಬಿ.ಟಿ.ಎಂ. ಲೇಔಟಿನ ಕೊನೆಯಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಹಿಂದೆ ಬಿ.ಎಂ.ಟಿ.ಸಿ. ಬಸ್ಸು ಹಾರ್ನ್ ಬಜಾಯಿಸುತ್ತಿರುತ್ತದೆ. ತಲೆ ಮೇಲೆ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಸುಖವಾಗಿ ಹೋಗುತ್ತಿರುತ್ತದೆ. ಕೆಳಗೆ ನಾವು, ನಮ್ಮ ಪದ್ಮಿನಿ, ಕೆಂಪು ಮುಖ.

ಇದಕ್ಕೆ ಎರಡು ಕಾರಣ ಇರಬಹುದು. ಎರಡರ ಲಕ್ಷಣವೂ ಒಂದೇ. ಗ್ಯಾರೇಜಿನವರು ಎಡವುವುದೇ ಇಲ್ಲಿ.

ಒಂದು, ಏರ್ ಲಾಕ್. ಬಿಸಿ ಇಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಪಂಪು ಬರೀ ಗಾಳಿ ಹೊಡೆಯುತ್ತದೆ. ಎರಡು, ಕಾಯಿಲ್ ಅಥವಾ ಕಂಡೆನ್ಸರ್. ತಣ್ಣಗಿದ್ದಾಗ ಸಂಭಾವಿತರು, ಬಿಸಿಯಾದಾಗ ಒಳಗೇ ಸೋತು ಕಿಡಿ ಕೊಡುವುದಿಲ್ಲ.

ಯಾವುದು ಅಂತ ತಿಳಿಯುವ ಗಳಿಗೆ ಒಂದೇ: ಕಾರು ಸತ್ತ ಗಳಿಗೆ. ಗ್ಯಾರೇಜಿಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ತಣ್ಣಗಾಗಿ ಸಾಕ್ಷಿ ನಾಶವಾಗಿರುತ್ತದೆ. ಆದ್ದರಿಂದ ನಿಂತ ಕೂಡಲೇ ರಸ್ತೆ ಪಕ್ಕಕ್ಕೆ ತಳ್ಳಿ, ಪೆಟ್ರೋಲು ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡು, ಕಾಯಿಲಿನಿಂದ ಡೆಲ್ಕೋಗೆ ಬರುವ ದಪ್ಪ ತಂತಿಯನ್ನು ಡೆಲ್ಕೋ ಕಡೆ ಕಿತ್ತು, ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಬ್ಲಾಕಿನಿಂದ ಅರ್ಧ ಸೆಂಟಿಮೀಟರ್ ದೂರ ಹಿಡಿದು ಸೆಲ್ಫ್ ಹೊಡೆಸಿ. ಟಪ್ ಟಪ್ ಎಂದು ನೀಲಿ ಕಿಡಿ ಬಂದರೆ ಆ ಕಡೆಯವರು ನಿರಪರಾಧಿಗಳು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಕಾಯಿರಿ. ಹಳೇ ಟ್ಯಾಕ್ಸಿ ಡ್ರೈವರುಗಳ ಸೀಟಿನ ಕೆಳಗೆ ಆ ಬಟ್ಟೆ ಸದಾ ಇರುತ್ತಿತ್ತು. ಕಿಡಿ ಹಳದಿಯಾಗಿ ಸೋತಿದ್ದರೆ, ಇಲ್ಲವೇ ಬರದೇ ಇದ್ದರೆ, ಪಂಪನ್ನು ಬೈಯಬೇಡಿ. ಡೆಲ್ಕೋ ಮುಚ್ಚಳ ತೆಗೆದು ಪಾಯಿಂಟು ನೋಡಿ. ಸುಟ್ಟು ನೀಲಿಗಟ್ಟಿ, ಒಂದು ಕಡೆ ಗುಳಿ ಒಂದು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಹೋಗಿದೆ. ಪಾಯಿಂಟು ಶುದ್ಧವಾಗಿದ್ದು ಕಾಯಿಲ್ ಮುಟ್ಟಲಾಗದಷ್ಟು ಕಾದಿದ್ದರೆ ಕಾಯಿಲ್ ಮೇಲೆ ಅನುಮಾನ.

ಒಂದು ಎಚ್ಚರಿಕೆ. ಈಗ ಬರುವ ಕೆಲವು ಕಂಡೆನ್ಸರುಗಳು ಡಬ್ಬಿಯಿಂದ ತೆಗೆದಾಗಲೇ ರೋಗಿ. ‘ಹೊಸದು ಹಾಕಿದ್ದೀನಲ್ಲ, ಅದಾಗಿರೋಲ್ಲ’ ಎಂಬ ಧೈರ್ಯ ಬೇಡ. ಓಡುತ್ತಿದ್ದ ಹಳೇದನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಪಾಯಿಂಟಿನ ಸಂದು 0.4ರಿಂದ 0.5 ಮಿಲಿಮೀಟರ್, ಪ್ಲಗ್ಗಿನದು ಸುಮಾರು 0.6. ಪ್ಲಗ್ ತಂತಿಗಳ ಸರದಿ ಪದ್ಮಿನಿಗೂ ಅಂಬಾಸಿಡರಿಗೂ 1-3-4-2. ಪ್ಲಗ್ ಬದಲಿಸುವ ಭರಾಟೆಯಲ್ಲಿ ತಂತಿ ಅದಲುಬದಲಾಗಿ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಸಿದವರು ಬಹಳ ಮಂದಿ.

ಪ್ಲಗ್ ಅಂದಾಗ ನೆನಪಾಯಿತು. ದೇಶದ ಕಾರುಗಳಿಗೆ ಕಿಡಿ ಕೊಟ್ಟ ಊರುಗಳಲ್ಲಿ ನಮ್ಮದೂ ಒಂದು. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲೇ ಆಡುಗೋಡಿಯಲ್ಲಿ. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು. ಬಿ.ಟಿ.ಎಂ. ಕಡೆಯ ಜನರ ಬಾಯಲ್ಲಿ ಮಾತ್ರ ಮೈಕೋ ಲೇಔಟ್ ಹಾಗೇ ಉಳಿದಿದೆ. ಹಳೇ ಡಬ್ಬಿಗಳಲ್ಲಿ ಮೈಕೋ ಪ್ಲಗ್ ಸಿಕ್ಕರೆ ಬಿಸಾಡಬೇಡಿ.

ಡೈನಮೋ ಎಂಬ ಸೋಮಾರಿ

ಸಂಜೆ ಹೊತ್ತು, ಹೆಡ್‌ಲೈಟ್ ಹಾಕಿಕೊಂಡು, ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ಗಂಟೆ ತೆವಳಿದ ಮೇಲೆ ಬ್ಯಾಟರಿ ಸತ್ತಿದ್ದರೆ ಆಶ್ಚರ್ಯವಿಲ್ಲ. ಹಳೇ ಫಿಯಟ್, ಅಂಬಾಸಿಡರುಗಳಲ್ಲಿದ್ದದ್ದು ಡೈನಮೋ. ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ ಚಾರ್ಜು ಕೊಡುತ್ತದೆ, ನಿಂತಲ್ಲಿ ಹೆಚ್ಚೂಕಡಿಮೆ ಸೊನ್ನೆ. ಲೈಟಿಗೆ ಹತ್ತು ಆಂಪಿಯರ್, ಕಾಯಿಲಿಗೆ ಮೂರೋ ನಾಲ್ಕೋ, ಮಳೆ ಬಂದರೆ ವೈಪರಿಗೆ ಇನ್ನೆರಡು. ಅಷ್ಟೂ ಬ್ಯಾಟರಿಯ ಗಂಟು. ಈ ಕಾರು ಹುಟ್ಟಿದಾಗ ಜಯನಗರದಿಂದ ಮೆಜೆಸ್ಟಿಕ್ಕಿಗೆ ನಿಲ್ಲದೆ ಹೋಗಬಹುದಿತ್ತು. ತಪ್ಪು ಡೈನಮೋದಲ್ಲ, ನಮ್ಮ ರಸ್ತೆಯದು.

ಆದರೂ ಮೊದಲು ಬೆಲ್ಟು ಒತ್ತಿ ನೋಡಿ. ಇಂಜಿನ್ ಎರಿಸಿದಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಕಾರ್ಬನ್ ಬ್ರಶ್, ಆಮೇಲೆ ಕಟೌಟ್. ಇವತ್ತಿನ ಟ್ರಾಫಿಕ್ಕಿಗೆ ಆಲ್ಟರ್ನೇಟರ್ ಹಾಕಿಸುವುದೇ ಮೇಲು ಎನ್ನುವವರಿದ್ದಾರೆ. ದಿನಾ ಓಡಿಸುವವರಾದರೆ ಹಾಕಿಸಲಿ, ತಪ್ಪಿಲ್ಲ ಎನ್ನುವುದು ಈ ವರದಿಗಾರನ ಮತ. ಆದರೆ ಒಂದು ಸಂಗತಿ ನೋಡಿಕೊಳ್ಳಬೇಕು. ಇಂಗ್ಲೆಂಡಿನ ತಳಿಯ ಕೆಲವು ಹಳೇ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುತ್ತದೆ. ಅದನ್ನು ನೋಡದೆ ಆಲ್ಟರ್ನೇಟರ್ ಕೂರಿಸಿದರೆ ಒಳಗಿನ ಡಯೋಡು ಒಂದೇ ಕ್ಷಣದಲ್ಲಿ ಭಸ್ಮ. ಬ್ಯಾಟರಿ ಬದಲಿಸುವ ಅಂಗಡಿ ಹುಡುಗನಿಗೆ ಇದನ್ನು ನೀವೇ ಹೇಳಬೇಕು.

ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ

ಇಲ್ಲಿಯವರೆಗೆ ಹೇಳಿದ್ದು ಕಾರು ನಿಲ್ಲುವ ಮಾತು. ಈಗ ಕಾರು ಸುಡುವ ಮಾತು.

ಹಳೇ ಕಾರಿನ ಫ್ಯೂಸ್ ಡಬ್ಬಿ ತೆರೆದು ನೋಡಿ. ಫ್ಯೂಸು ಪದೇ ಪದೇ ಹೋಗುತ್ತದೆಂದು ಯಾರೋ ಪುಣ್ಯಾತ್ಮರು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿರುತ್ತಾರೆ. ಇನ್ನು ಕೆಲವರು ತಂತಿ ಬಿಗಿದಿರುತ್ತಾರೆ. ಫ್ಯೂಸು ಹೋಗುತ್ತಿದ್ದದ್ದು ಒಳಗೆಲ್ಲೋ ತಂತಿ ಬಾಡಿಗೆ ತಾಗುತ್ತಿದ್ದುದರಿಂದ. ಅದನ್ನು ಹುಡುಕದೆ ಕಾವಲುಗಾರನ ಬಾಯಿ ಮುಚ್ಚಿಸಿದರು. ಈಗ ಸುಡುವುದು ಫ್ಯೂಸಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ತಂತಿ ಕಟ್ಟು. ಆ ಕಟ್ಟಿನ ಮೇಲ್ಹೊದಿಕೆ ಬಿಸಿಲಿಗೆ, ಎಣ್ಣೆಗೆ ಗರಿಗರಿಯಾಗಿ, ಬಗ್ಗಿಸಿದರೆ ಹಪ್ಪಳದಂತೆ ಉದುರುತ್ತದೆ. ಇಲಿ ಕಡಿದದ್ದು ಬೇರೆ. ತಂತಿಗಳು ಈ ಸ್ಥಿತಿಯಲ್ಲಿದ್ದರೆ ತೇಪೆ ಹಾಕಬೇಡಿ, ಪೂರ್ತಿ ಕಟ್ಟೇ ಹೊಸದಾಗಲಿ. ಅಲ್ಲಿಯವರೆಗೆ ಕಾರು ನಿಲ್ಲಿಸಿದಾಗೆಲ್ಲ ಬ್ಯಾಟರಿ ತಂತಿ ತೆಗೆದಿಡಿ.

ಇದರ ಜೊತೆಗೆ ಪೆಟ್ರೋಲು ಸೇರಿದರೆ? ಇತ್ತೀಚಿನ ದೊಡ್ಡ ತಲೆನೋವು ಅದೇ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು ಬಂತು. ಹಳೇ ಕಾರಿನ ರಬ್ಬರ್ ಪೈಪು, ಪಂಪಿನ ಪರದೆ, ಕಾರ್ಬೊರೇಟರಿನ ವಾಷರುಗಳನ್ನು ಮಾಡಿದವರು ಇದನ್ನು ಕನಸಿನಲ್ಲೂ ಕಂಡಿರಲಿಲ್ಲ. ಆ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿರಿಯುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಕಬ್ಬಿಣದ ಟ್ಯಾಂಕಿನ ತಳದಲ್ಲಿ ನೀರು, ನೀರಿನಿಂದ ತುಕ್ಕು, ತುಕ್ಕಿನಿಂದ ಕಾರ್ಬೊರೇಟರ್ ಜೆಟ್ ಬಂದ್. ‘ಪಿಕಪ್ಪೇ ಇಲ್ಲ’ ಎಂದು ಪಿಸ್ಟನ್ ಬಿಚ್ಚಿಸಲು ಹೊರಟವರು ಮೊದಲು ಟ್ಯಾಂಕಿನ ತಳದ ಒಂದು ಲೋಟ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಟ್ಟು ನೋಡಲಿ. ತಳದಲ್ಲಿ ಬೇರೆ ಪದರ ನಿಂತರೆ, ಕೆಂಪು ಪುಡಿ ಕೂತರೆ, ಪಿಸ್ಟನ್ ಬಿಡಿ, ಟ್ಯಾಂಕ್ ತೊಳೆಸಿ.

ಪೈಪು ಕೊಳ್ಳುವಾಗ ಮೀಟರ್ ಲೆಕ್ಕದ ಅಗ್ಗದ್ದು ಬೇಡ. ಮೈಮೇಲೆ ‘ಎಸ್.ಎ.ಇ. ಜೆ30 ಆರ್9’ ಎಂಬ ಅಚ್ಚು ಇರುವುದನ್ನು ಕೇಳಿ. ನಾಲ್ಕು ಕಾಸು ಹೆಚ್ಚು, ಪರವಾಗಿಲ್ಲ. ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿರಿದ ಪೈಪು, ಪಕ್ಕದಲ್ಲಿ ಬೆಳ್ಳಿ ಕಾಗದದ ಫ್ಯೂಸು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಈ ಎರಡು ಸೇರಬಾರದು.

ಸೀಸದ ಪೆಟ್ರೋಲು 2000ದ ಫೆಬ್ರವರಿ 1ರಿಂದ ದೇಶದಲ್ಲಿ ನಿಂತಿತು. ಕಬ್ಬಿಣದ ಹೆಡ್ಡಿನ ಹಳೇ ಇಂಜಿನ್ನುಗಳಲ್ಲಿ ವಾಲ್ವ್ ಕೂರುವ ಜಾಗಕ್ಕೆ ಆ ಸೀಸವೇ ರಕ್ಷೆಯಾಗಿತ್ತು. ಟ್ಯಾಪೆಟ್ ಸಂದು ಹೊಂದಿಸಿದಷ್ಟೂ ಮತ್ತೆ ಮತ್ತೆ ಕಮ್ಮಿಯಾಗುತ್ತಿದ್ದರೆ ವಾಲ್ವ್ ಸೀಟು ಸವೆಯುತ್ತಿದೆ ಎಂದು ತಿಳಿಯಿರಿ. ಗಟ್ಟಿ ಸೀಟು ಕೂರಿಸುವ ಲೇತ್‌ನವರು ಇನ್ನೂ ಇದ್ದಾರೆ.

ನೀರು ಕುದಿಯುವುದು

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರ. ಇಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, ಸುಮಾರು 97ಕ್ಕೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು, ರಬ್ಬರು ಸರಿಯಿದ್ದರೆ ಒಳಗೆ ಒತ್ತಡ ನಿಂತು ಕುದಿತ ತಡವಾಗುತ್ತದೆ. ಮುಚ್ಚಳ ಸಡಿಲಾಗಿದ್ದರೆ ನಾಯಂಡಹಳ್ಳಿ ದಾಟುವಷ್ಟರಲ್ಲಿ ಹಬೆ. ಜನ ಹೆಡ್ ಗ್ಯಾಸ್ಕೆಟ್ ಎಂದು ಹೆದರುತ್ತಾರೆ, ಹೋಗಿರುವುದು ಮುಚ್ಚಳ. ಇನ್ನೊಂದು ನಮ್ಮ ಬೋರ್‌ವೆಲ್ ನೀರು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟ್ ಹಾಕಿ, ಬೆರೆಸಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ. ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥ ಜಿಡ್ಡು ಕಾಣಬಹುದು, ರೇಡಿಯೇಟರಿನಲ್ಲಿ ಗುಳ್ಳೆ ಏಳಬಹುದು. ಬಿಸಿ ಇರುವಾಗ ಮಾತ್ರ ಮುಚ್ಚಳ ತೆರೆಯಬೇಡಿ, ಮುಖ ಬೇಯುತ್ತದೆ.

ನಿಜವಾಗಿ ಇಂಜಿನ್ ಹೋಗಿದ್ದರೆ?

ಹೋಗುವುದೇ ಇಲ್ಲ ಎನ್ನುತ್ತಿಲ್ಲ. ಹೋಗಿದೆಯೇ ಎಂದು ಅಳೆಯಲು ದಾರಿ ಇದೆ. ನಾಲ್ಕೂ ಪ್ಲಗ್ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಂಪ್ರೆಶನ್ ಗೇಜ್ ಹಿಡಿದು ಸೆಲ್ಫ್ ಹೊಡೆಯಬೇಕು. ಪುಸ್ತಕದ ಲೆಕ್ಕ ಸಮುದ್ರ ಮಟ್ಟದ್ದು. ನಮ್ಮ ಎತ್ತರಕ್ಕೆ ಹತ್ತನೇ ಒಂದು ಪಾಲು ಕಳೆದು ನೋಡಿ. ನಾಲ್ಕೂ ಒಂದೇ ಸಮ ಇದ್ದರೆ ಸ್ವಲ್ಪ ಕಮ್ಮಿಯಾದರೂ ಅಂಜಬೇಡಿ. ಒಂದು ಮಾತ್ರ ಬಿದ್ದಿದ್ದರೆ ಆ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಕೂರುತ್ತಿಲ್ಲ. ವಾಲ್ವಿನ ಕೆಲಸ ಹೆಡ್ ಇಳಿಸಿ ಮುಗಿಯುತ್ತದೆ, ಇಂಜಿನ್ ಇಳಿಸಬೇಕಿಲ್ಲ. ಈ ಒಂದು ಪರೀಕ್ಷೆ ಮಾಡದೆ ‘ಬೋರ್ ಮಾಡಿಸಿ’ ಎಂದವರಿಗೆ ಕೈಮುಗಿದು ಬನ್ನಿ.

ವರ್ಷಗಟ್ಟಲೆ ನಿಂತ ಇಂಜಿನ್ ತಿರುಗದಿದ್ದರೆ ಎಳೆದು ಸ್ಟಾರ್ಟ್ ಮಾಡಿಸುವ ವೀರರು ಬರುತ್ತಾರೆ. ಬಿಡಬೇಡಿ. ಅಂಟಿದ ರಿಂಗು ಮುರಿದು ಬೋರು ಗೀಚುತ್ತದೆ. ಪ್ಲಗ್ ತೂತುಗಳಿಗೆ ಗೇರ್ ಆಯಿಲಿಗಿಂತ ತೆಳುವಾದದ್ದೇನಾದರೂ, ಡೀಸೆಲ್ಲೂ ಆಯಿಲ್ಲೂ ಬೆರೆಸಿಯಾದರೂ ಸರಿ, ಸ್ವಲ್ಪ ಬಿಟ್ಟು ನಾಲ್ಕಾರು ದಿನ ನೆನೆಯಲಿ. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಲ್ಲೇ ಹಿಂದೆ ಮುಂದೆ, ನಿಧಾನ.

ಬ್ರೇಕಿನ ವಿಷಯದಲ್ಲಿ ಮಾತ್ರ ಇಷ್ಟು ತಾಳ್ಮೆ ಬೇಡ. ಹಳೇ ಪದ್ಮಿನಿ, ಅಂಬಾಸಿಡರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆ ಸಾಲು. ಎಲ್ಲಿ ಸೋರಿದರೂ ನಾಲ್ಕೂ ಹೋಯಿತು. ಪೆಡಲ್ ತುಳಿದು ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ಬಕೆಟ್ ವಾಷರ್ ಹೋಗಿದೆ ಅಥವಾ ಎಲ್ಲೋ ಸೋರಿಕೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಹೊಕ್ಕಿದೆ. ನಾಲ್ಕು ಸಲ ತುಳಿದ ಮೇಲೆ ಮೇಲೆ ಬಂದರೆ ಶೂ ಸಂದು ಜಾಸ್ತಿ. ಹೊಳೆಯುವ ಪೇಂಟಿಗೆ ಲಕ್ಷ ಸುರಿದು, ವೀಲ್ ಸಿಲಿಂಡರ್ ಬದಲಿಸಲು ಚೌಕಾಸಿ ಮಾಡುವವರನ್ನು ಈ ವರದಿಗಾರ ಕಂಡಿದ್ದಾನೆ. ಪೇಂಟು ಕಾಯಬಹುದು.

ಸಾಮಾನು, ಕಾಗದ ಪತ್ರ

ಸಾಮಾನಿಗೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ. ಮಿನರ್ವ ಸರ್ಕಲ್ಲಿನಲ್ಲಿ ಬಸ್ ಇಳಿದು ನಡೆದರಾಯಿತು. ಹೊಸ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ ‘ಇಲ್ಲ ಸಾರ್’ ಅಂದರೆ ವಾಪಸು ಬರಬೇಡಿ. ಒಳಗೆ ಗಲ್ಲಾದ ಮೇಲೆ ಕೂತ ಹಿರಿಯರನ್ನು ಕೇಳಿ. ಹಳೇ ಸಾಮಾನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಾಯಲ್ಲಿ ವರ್ಣಿಸಿದರೆ ಬೇರೆ ಮಾಡೆಲಿನದು ಬರುತ್ತದೆ.

ಬನಶಂಕರಿಯ ಮೇಸ್ತ್ರಿಯ ಶೆಡ್ಡಿನಲ್ಲಿ ಶಿಷ್ಯರಿಲ್ಲ. ಇದ್ದ ಇಬ್ಬರು ಸ್ಕ್ಯಾನರ್ ಹಾಕಿ ನೋಡುವ ದೊಡ್ಡ ವರ್ಕ್‌ಶಾಪಿಗೆ ಹೋದರು. ‘ತಪ್ಪೇನಿದೆ, ಅಲ್ಲಿ ಸಂಬಳ, ಪಿ.ಎಫ್. ಇದೆ. ಆದ್ರೆ ಪದ್ಮಿನಿಗೆ ಸ್ಕ್ಯಾನರ್ ಎಲ್ಲಿಗೆ ಚುಚ್ತಾರೆ?’ ಎನ್ನುತ್ತಾರೆ ಅವರು. ಚೋಕ್ ವೈರು ಮುಟ್ಟಿ ನೋಡು ಎಂಬ ವಿದ್ಯೆ ಯಾವ ಸ್ಕ್ಯಾನರಿನಲ್ಲೂ ಇಲ್ಲ. ಅವರ ಹತ್ತಿರ ಕೆಲಸ ಮಾಡಿಸುವವರು ಪಕ್ಕದಲ್ಲಿ ನಿಂತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ನಷ್ಟವಿಲ್ಲ.

ಇನ್ನು ಸರ್ಕಾರದ ಲೆಕ್ಕ. 15 ವರ್ಷ ದಾಟಿದ ಕಾರಿನ ಆರ್.ಸಿ. ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿಸಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ಬೇರೆ ದಾರಿ ಇದೆ. 2021ರ ಜುಲೈನ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ 4ನೇ ಬ್ಲಾಕಿಗೆ ತರಕಾರಿಗೆ ಹೋಗುವಂತಿಲ್ಲ. ಓಡಿಸುವ ಆಸೆಯವರು ಯೋಚಿಸಿ ಅರ್ಜಿ ಹಾಕಲಿ.

ಎರಡಕ್ಕೂ ಇನ್‌ಸ್ಪೆಕ್ಟರು ಚಾಸಿ ನಂಬರು, ಇಂಜಿನ್ ನಂಬರು ನೋಡಿಯೇ ನೋಡುತ್ತಾರೆ. ಟಿಂಕರಿಂಗಿಗೆ ಬಿಟ್ಟ ಕಾರಿನಲ್ಲಿ ಮೊದಲು ಅಳಿಸಿಹೋಗುವುದೂ ಅವೇ. ಗ್ರೈಂಡರ್ ತಗುಲುತ್ತದೆ, ಮೇಲೆ ಪಟ್ಟಿ ಮೆತ್ತುತ್ತಾರೆ, ಅದರ ಮೇಲೆ ಬಣ್ಣ. ಕಾರು ಟಿಂಕರಿಂಗ್ ಶೆಡ್ಡಿಗೆ ಹೋಗುವ ಹಿಂದಿನ ದಿನವೇ ಎರಡೂ ನಂಬರಿನ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಫೋಟೋ ಹೊಡೆದು, ಆರ್.ಸಿ. ಪುಸ್ತಕದ ಜೊತೆ ಇಟ್ಟುಕೊಳ್ಳಿ.